ಕವಳೆ ಬೇಲಿಯ ಚಾಚಾ

ಅವರ ಎರಡೂ ಮುಂಗೈಗಳ ಮೇಲೆ ಬಿಳಿ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳಿದ್ದವು. ವೆಲ್ಡಿಂಗ್ ಕಿಡಿ ಸಿಡಿದು ಸುಟ್ಟು, ಮಾಗಿ, ಬೆಳ್ಳಗಾದ ಕಲೆಗಳು. ಆ ಚುಕ್ಕೆಗಳ ಮೇಲೆ ಅಡ್ಡಾದಿಡ್ಡಿ ಗೀರುಗಳು, ಕೆಲವು ಇನ್ನೂ ಹಸಿ, ಕೆಲವು ಒಣಗಿ ಹಕ್ಕಳೆ ಕಟ್ಟಿದವು. ಕಿಡಿಯ ಕಲೆ ಎಲ್ಲ ವೆಲ್ಡಿಂಗಿನವರ ಕೈಮೇಲೂ ಇರುತ್ತದೆ. ಈ ಗೀರು ಯಾಕೆ ಅಂತ ನನಗೆ ಬಹಳ ದಿನ ಗೊತ್ತಾಗಲಿಲ್ಲ. ಮನೆಯಲ್ಲಿ ಬೆಕ್ಕು ಸಾಕಿರಬೇಕು ಅಂದುಕೊಂಡಿದ್ದೆ.

ಚಳ್ಳಕೆರೆಯಲ್ಲಿ ನನ್ನ ಟೈಲರಿಂಗ್ ಅಂಗಡಿಗೂ ಅವರ ವೆಲ್ಡಿಂಗ್ ಶಾಪಿಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ, ಅವರು ನನ್ನನ್ನು ಟೈಲರಮ್ಮ ಅನ್ನುತ್ತಿದ್ದರು. ಬಡಾವಣೆಯ ಕಿಟಕಿ ಗ್ರಿಲ್ಲು, ಎಣ್ಣೆ ಮಿಲ್ಲುಗಳ ಗೇಟು, ಶೇಂಗಾ ಗೋಡೌನಿನ ಬಾಗಿಲು, ಎಷ್ಟೋ ಅವರ ಕೈಯಿಂದ ಹೋದವು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಮೊಳಕಾಲ್ಮುರು ಕಡೆಯ ಗಿರಾಕಿ ಬಂದರೆ ತೆಲುಗು. ಮೂರರಲ್ಲೂ ಮಾತು ಕಡಿಮೆ. ಅವರ ಬಾಯಿಂದ ಪದೇ ಪದೇ ಬರುತ್ತಿದ್ದ ಮಾತು ಒಂದೇ: "ಕಣ್ಣು ಆ ಕಡೆ!" ರಾಡು ತಾಗಿಸುವ ಮುಂಚೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಕೂಗಿ ಹೇಳುತ್ತಿದ್ದರು. ಶಾಲೆಯ ಮಕ್ಕಳಿಗೆ, ತರಕಾರಿ ಗಾಡಿಯವನಿಗೆ, ಕಟ್ಟೆಯ ಮೇಲೆ ಮಲಗಿದ ನಾಯಿಗೂ. ನಾಯಿ ನಿಜಕ್ಕೂ ಮುಖ ತಿರುಗಿಸುತ್ತಿತ್ತು. ಪರರ ಕಣ್ಣನ್ನು ಇಷ್ಟು ಕಾಪಾಡಿದ ಮನುಷ್ಯ ತಾನು ಮಾತ್ರ ಮನಸ್ಸು ಬಂದರೆ ಕನ್ನಡಕ ಹಾಕಿದ, ಇಲ್ಲದಿದ್ದರೆ ಇಲ್ಲ.

ಕರೆಂಟು ಹೋದರೆ ಇಡೀ ಬೀದಿ ಬೈಯುತ್ತಿತ್ತು. ನಾನೂ ಬೈಯುತ್ತಿದ್ದೆ; ಮಿಷನ್ನಿಗೆ ಮೋಟಾರು ಹಾಕಿಸಿದ ಮೇಲೆ ಕಾಲಲ್ಲಿ ತುಳಿಯುವ ಅಭ್ಯಾಸ ತಪ್ಪಿತ್ತು. ಚಾಚಾ ಮಾತ್ರ ಚಪ್ಪಲಿ ಮೆಟ್ಟಿ, ಶಟರ್ ಎಳೆದು, ಮೊಳಕಾಲ್ಮುರು ಬಸ್ಸು ಹತ್ತುತ್ತಿದ್ದರು. ಸಂಜೆ ವಾಪಸು ಬಂದಾಗ ಅಂಗಿಯೆಲ್ಲ ಮಣ್ಣು, ಕೈಯೆಲ್ಲ ಗೀರು, ಮುಖದಲ್ಲಿ ಮಾತ್ರ ಮದುವೆ ಊಟ ಮುಗಿಸಿ ಬಂದವರ ಕಳೆ.

ಒಂದು ದಿನ ಶಾಪಿನ ಹಿಂದಿನ ನಲ್ಲಿಗೆ ನೀರು ಹಿಡಿಯಲು ಹೋದಾಗ ನೋಡಿದೆ. ಗೋಡೆಯ ನೆರಳಲ್ಲಿ ಖಾಲಿ ಹಾಲಿನ ಪಾಕೀಟುಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರಲ್ಲೂ ಕೆಮ್ಮಣ್ಣು, ಅದರಿಂದ ಬೆರಳುದ್ದ ಎದ್ದ ಸಸಿ. ಎಲೆ ದಪ್ಪ, ಎಣ್ಣೆ ಸವರಿದಂಥ ಹೊಳಪು. ಬಗ್ಗಿ ಮುಟ್ಟಿದೆ. ಅಷ್ಟು ಎಳೆಯ ಸಸಿಗೂ ಮುಳ್ಳು ಬಂದಿತ್ತು.

"ಏನು ಚಾಚಾ ಇದು, ದಾಳಿಂಬೆನಾ?"

"ಕವಳೆ."

"ಗುಡ್ಡದ ಕವಳೆನಾ? ಅದನ್ನ ಯಾರಾದ್ರೂ ಬೆಳೀತಾರಾ?"

"ಯಾರೂ ಬೆಳೆಯಲ್ಲ ಅಂತಾನೇ ನಾನು ಬೆಳೀತಿರೋದು," ಅಂದರು. ಆಮೇಲೆ ಕೊಂಚ ನಾಚಿಕೊಂಡು, "ನಿಮ್ಮನೇಲಿ ಹಾಲಿನ ಪಾಕೀಟು ಬಿಸಾಕ್ತೀರೇನು?" ಅಂತ ಕೇಳಿದರು. ಅವತ್ತಿನಿಂದ ನಮ್ಮನೆಯ ಪಾಕೀಟುಗಳು ತೊಳೆದು ಒಣಗಿ ಗೋಡೆಯಾಚೆ ಹೋಗತೊಡಗಿದವು.

ಕವಳೆ ನಮ್ಮ ಕಡೆಯವರಿಗೆ ಹೊಸದಲ್ಲ. ಬೇಸಿಗೆಯಲ್ಲಿ ನೆಲವೆಲ್ಲ ಬಿಳಚಿಕೊಂಡು ಹುಲ್ಲು ಕೈಲಿ ಪುಡಿಯಾಗುವಾಗಲೂ ಹಸಿರಾಗಿಯೇ ಇರುವ ಪೊದೆ ಅದು. ಬಿಳಿ ಹೂ, ಮಲ್ಲಿಗೆಯ ತಂಗಿಯ ಹಾಗೆ. ಕಾಯಿ ಕಿತ್ತರೆ ಹಾಲು ಸುರಿದು ತುಟಿಗೆ ಅಂಟುತ್ತದೆ. ಹಣ್ಣಾದರೆ ಕಪ್ಪಗೆ, ಹುಳಿಸಿಹಿ. ನನ್ನ ತವರು ಮೊಳಕಾಲ್ಮುರು ದಾರಿಯಲ್ಲಿ, ಜಟಿಂಗ ರಾಮೇಶ್ವರನ ಬೆಟ್ಟ ಕಾಣುವಷ್ಟು ದೂರದ ಹಳ್ಳಿ. ಅಲ್ಲಿ ಅರ್ಧ ತೆಲುಗು ಮಾತು. ಕವಳೆ ಹಣ್ಣಿಗೆ ಕಲಿವಿ ಪಂಡ್ಲು ಅಂತಾರೆ. ಚಿಕ್ಕವಳಿದ್ದಾಗ ಲಂಗದ ತುಂಬ ಕಿತ್ತು ತರುತ್ತಿದ್ದೆ. ಯಾವಾಗ ಅದು ನಮ್ಮ ಗುಡ್ಡದಿಂದ ಕಾಣೆಯಾಯಿತೋ ನನ್ನ ಗಮನಕ್ಕೇ ಬಂದಿರಲಿಲ್ಲ.

ಅವರ ಗಮನಕ್ಕೆ ಹೇಗೆ ಬಂತು ಅನ್ನುವುದನ್ನು ಒಂದು ಮಳೆಗಾಲದ ಮಧ್ಯಾಹ್ನ ಹೇಳಿದರು. ಕರೆಂಟು ಹೋಗಿತ್ತು, ಬಸ್ಸೂ ತಪ್ಪಿತ್ತು. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಕುದಾಪುರದ ಕಡೆ ಹುಲ್ಲುಗಾವಲಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಕಾಂಪೌಂಡುಗಳು ಏಳುತ್ತಿದ್ದ ಕಾಲದಲ್ಲಿ ಯಾವುದೋ ಗುತ್ತಿಗೆದಾರನ ಕೈಕೆಳಗೆ ಗೇಟು ಬೆಸೆಯಲು ಹೋಗಿದ್ದರಂತೆ. ಅಲ್ಲಿಗೆ ಹೋಗುವ ದಾರಿಯನ್ನು ಜೆಸಿಬಿ ಸಮ ಮಾಡುತ್ತಿತ್ತು. ಎದುರಿಗೊಂದು ಹಳೆಯ ಕವಳೆ ಪೊದೆ, ಎತ್ತಿನ ಗಾಡಿಯಷ್ಟು ಅಗಲ. ಜೆಸಿಬಿ ಅದರ ಬುಡಕ್ಕೆ ಹಲ್ಲು ಹಾಕಿ ಎತ್ತಿತು.

"ಪೊದೆ ಮೇಲಕ್ಕೆ ಎದ್ದಿದ್ದೇ ತಡ ಟೈಲರಮ್ಮ, ಕೆಳಗಿಂದ ಏನೇನೋ ಓಡಿ ಬಂತು. ಗೌಜುಗ, ಅದರ ಹಿಂದೆ ಮರಿ, ಇಷ್ಟಿಷ್ಟೇ, ಹತ್ತಿ ಉಂಡೆ ಉರುಳಿದಂಗೆ. ಮೊಲ. ಓತಿಕ್ಯಾತ. ಒಂದು ಹಾವು, ಅದು ಯಾರನ್ನೂ ನೋಡ್ಲಿಲ್ಲ, ತನ್ನ ಪಾಡಿಗೆ ಹೋಯ್ತು. ಕೋಲುಜೇನು ಹುಟ್ಟು ಹರಿದುಹೋಗಿ ನೊಣ ಎಲ್ಲ ಮೇಲೆ ಗಿರಗಿರ ಸುತ್ತುತಾ ಅವೆ, ಕೂರೋಕೆ ಜಾಗ ಇಲ್ಲ. ಡ್ರೈವರು ಮಿಷನ್ ಆಫ್ ಮಾಡಿ ಕೆಳಗಿಳಿದು ಕೈಕಟ್ಟಿ ನಿಂತುಬಿಟ್ಟ. ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಒಂದು ಗಿಡದೊಳಗೆ ಇಷ್ಟೆಲ್ಲ ಐತೆ ಅಂತ."

ಚಹಾ ಲೋಟ ಕೆಳಗಿಟ್ಟರು. "ಡ್ರೈವರು ಒಂದು ಬೀಡಿ ಸೇದಿ ಮತ್ತೆ ಮಿಷನ್ ಹತ್ತಿದ. ಅವನ ಕೆಲಸ ಅವನದು, ನನ್ನ ಕೆಲಸ ನಂದು. ನಾನೂ ಗೇಟು ಬೆಸೆದೆ. ಆದ್ರೆ ಬರೋವಾಗ ಕೆಳಗೆ ಬಿದ್ದಿದ್ದ ಹಣ್ಣು ಕರ್ಚೀಫಿನಲ್ಲಿ ಕಟ್ಕೊಂಡು ಬಂದೆ."

ಆ ಹಣ್ಣಿನ ಬೀಜದಿಂದ ಎದ್ದವು ಮೊದಲ ಸಸಿಗಳು. ಅವರ ತಂದೆ ಯಾವ ಕಾಲದಲ್ಲೋ ಕೊಂಡಿದ್ದ ಒಂದು ಕಲ್ಲುಭೂಮಿ ಇತ್ತು. ಕಾಕತಾಳೀಯವೆನ್ನಿ, ಅದು ನನ್ನ ತವರಿನಲ್ಲಿ, ನಮ್ಮಣ್ಣನ ಹೊಲದ ಪಕ್ಕದಲ್ಲೇ ಇತ್ತು. ನಡುವೆ ಊರವರು ಓಡಾಡುವ ಒಂದು ಕಾಲುಹಾದಿ. ಆ ಹಾದಿಯ ಬದಿಗೆ ಚಾಚಾ ಸಸಿ ನೆಟ್ಟರು. ಪೇಂಟಿನ ಖಾಲಿ ಡಬ್ಬಗಳ ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಸಸಿಯ ಬುಡಕ್ಕೊಂದರಂತೆ ಹೂತು, ನೀರು ತುಂಬಿಸಿ ಬರುತ್ತಿದ್ದರು. ಹನಿ ಹನಿಯಾಗಿ ಇಳಿದುಕೊಳ್ಳಲಿ ಅಂತ. ಕವಳೆ ನಿಧಾನದ ಗಿಡ. ಮೊದಲೆರಡು ವರ್ಷ ಮಂಡಿಯೆತ್ತರಕ್ಕೂ ಬರಲಿಲ್ಲ. ಊರವರು ನಕ್ಕರು. ನಮ್ಮಣ್ಣ ಫೋನಿನಲ್ಲಿ, "ನಿಮ್ಮ ಸಾಬ್ರಿಗೆ ತಲೆ ಕೆಟ್ಟೈತೆ ಕಣೇ. ಶೇಂಗಾ ಹಾಕೋ ಭೂಮೀಲಿ ಮುಳ್ಳು ಹಾಕವ್ರೆ. ಬೇಲಿ ಬೇಕಿದ್ರೆ ವೆಲ್ಡಿಂಗಿನೋರಿಗೆ ಕಬ್ಬಿಣಕ್ಕೆ ಬರಗಾಲವಾ?" ಅಂದ.

ನಾನು ಆ ಮಾತನ್ನು ಹಾಗೇ ಚಾಚಾಗೆ ದಾಟಿಸಿದೆ. ಅವರು ನಕ್ಕರು. "ಕಬ್ಬಿಣ ನೆಟ್ಟ ದಿನದಿಂದ ತುಕ್ಕು ಹಿಡಿಯೋಕೆ ಶುರು. ಇದು ನೆಟ್ಟ ದಿನದಿಂದ ಬಲಿಯೋಕೆ ಶುರು. ನಿಮ್ಮಣ್ಣನಿಗೆ ಹೇಳಿ, ಇದು ಬೇಲಿ ಅಲ್ಲ ಅಂತ."

"ಬೇಲಿ ಅಲ್ದೆ ಮತ್ತೇನು?"

"ಬಂದು ನೋಡ್ರಿ," ಅಂದರು.

ನಾನು ನೋಡಲು ಹೋಗಿದ್ದು ಗಿಡಗಳು ನನ್ನ ತಲೆಯೆತ್ತರ ಬೆಳೆದು ಮೈತುಂಬ ಹೂ ಬಿಟ್ಟ ಒಂದು ಬೇಸಿಗೆಯಲ್ಲಿ. ಬೆಳಗಿನ ಬಿಸಿಲು ಇನ್ನೂ ಎಳಸಾಗಿತ್ತು. ಸುತ್ತ ಹೊಲಗಳೆಲ್ಲ ಬೋಳು, ಬೇವಿನ ಮರದಲ್ಲೂ ಎಲೆ ಕಡಿಮೆ. ನಡುವೆ ಈ ಹಸಿರು ಗೋಡೆ, ಅದರ ಮೇಲೆ ಬಿಳಿ ಹೂವಿನ ಹೊದಿಕೆ. ದೂರದಿಂದಲೇ ಪರಿಮಳ ಬಂತು. ಚಾಚಾ ತುಟಿಯ ಮೇಲೆ ಬೆರಳಿಟ್ಟು, "ಮಾತಾಡಬೇಡಿ. ಸುಮ್ನೆ ನಿಂತ್ಕೊಳ್ರಿ," ಅಂದರು.

ನಿಂತೆ. ಮೊದಲಿಗೆ ಏನೂ ಕಾಣಲಿಲ್ಲ, ಒಂದು ಗುಂಯ್‌ಗುಡುವ ಸದ್ದು ಮಾತ್ರ. ಆ ಸದ್ದು ಎಲ್ಲಿಂದ ಅಂತ ಹುಡುಕುತ್ತ ಹೋದ ಹಾಗೆ ಬೇಲಿ ತಾನಾಗಿ ಬಿಚ್ಚಿಕೊಂಡಿತು. ಹೂವಿನಿಂದ ಹೂವಿಗೆ ಜೇನ್ನೊಣ. ಅವುಗಳ ನಡುವೆ ನೀಲಿ ಬೆನ್ನಿನ, ನಾನು ಹೆಸರು ಕೇಳಿರದ ಯಾವುದೋ ಸಣ್ಣ ನೊಣ. ಹೂವಿನ ಉದ್ದ ಕೊಳವೆಗೆ ಸುರುಳಿ ನಾಲಗೆ ಬಿಚ್ಚಿ ಇಳಿಸುವ ಪಾತರಗಿತ್ತಿಗಳು, ಹಳದಿ, ಕಪ್ಪು, ಎಲೆ ಉದುರಿದರೆ ಹೇಗೋ ಹಾಗೆ ಏಳುತ್ತ ಇಳಿಯುತ್ತ. ರೆಂಬೆಯೊಂದರಲ್ಲಿ ಅಂಗೈಯಗಲದ ಕೋಲುಜೇನು ಹುಟ್ಟು ತೂಗುತ್ತಿತ್ತು. ಸೂರಕ್ಕಿಯೊಂದು ನನ್ನ ಮುಖದಿಂದ ಮೊಳ ದೂರದಲ್ಲಿ ಬಂದು, ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೂವಿಗೆ ಕೊಕ್ಕಿಟ್ಟಿತು. ಬುಡದ ಕತ್ತಲಲ್ಲಿ ಒಣ ಎಲೆ ಸರಸರ ಅಂತು. ಮುಂಗುಸಿಯ ಕೆಂಪು ಕಣ್ಣು ಒಮ್ಮೆ ಹೊಳೆದು ಮಾಯವಾಯಿತು. ನನಗೆ ಮೈ ಜುಂ ಅಂದಿತು. ದೇವರ ಗುಡಿಯಲ್ಲಿ ಗಂಟೆ ಬಾರಿಸಿದ ಮೇಲೆ ಒಂದು ಗಳಿಗೆ ಆಗುವಂಥದ್ದು, ಅಲ್ಲಿ ಬಹಳ ಹೊತ್ತು ಆಗುತ್ತಲೇ ಇತ್ತು.

ತಿರುಗಿ ನೋಡಿದರೆ ಚಾಚಾ ಬೇಲಿಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ಮಗಳಿಗೆ ಹೊಸ ಬಟ್ಟೆ ತೊಡಿಸಿ ನೋಡುವ ತಂದೆಯ ಹಾಗೆ.

ಮುಂದಿನ ಮುಂಗಾರಿನ ಹೊತ್ತಿಗೆ ಹಣ್ಣು ಕಪ್ಪಾದಾಗ ಆಗಬಾರದ್ದು ಆಯಿತು.

ನಮ್ಮತ್ತಿಗೆ, ಅಣ್ಣನ ಹೆಂಡತಿ, ನಸುಕಿನಲ್ಲಿ ಹೊಲಕ್ಕೆ ಹೊರಟಿದ್ದಳು. ಕಾಲುಹಾದಿಯ ತಿರುವಿನಲ್ಲಿ, ಕವಳೆ ಪೊದೆಯ ನೆರಳಿನಿಂದ ಕರಡಿಯೊಂದು ಎದ್ದು ನಿಂತಿತು. ರಾತ್ರಿ ಗುಡ್ಡದಿಂದಿಳಿದು ಹಣ್ಣು ತಿನ್ನುತ್ತ ಅಲ್ಲೇ ಉಳಿದಿತ್ತೇನೋ. ಅತ್ತಿಗೆ "ಎಲುಗು! ಎಲುಗು!" ಅಂತ ತೆಲುಗಿನಲ್ಲಿ ಚೀರುತ್ತ ಹಿಂದಕ್ಕೆ ಓಡಿ ಗುಂಡುಕಲ್ಲುಗಳ ಮೇಲೆ ಬಿದ್ದಳು. ಮುಂಗೈ ಮೂಳೆ ಮುರಿಯಿತು, ಹಣೆ ಒಡೆಯಿತು. ಕರಡಿ ಅವಳನ್ನು ದಾಟಿಕೊಂಡು ಗುಡ್ಡಕ್ಕೆ ಓಡಿತು. ಮುಟ್ಟಲಿಲ್ಲ. ಮುಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದು ಆ ಸೀಮೆಯವರಿಗೆಲ್ಲ ಗೊತ್ತು. ಕರಡಿ ಕೈಯಲ್ಲಿ ಮುಖ ಕಳೆದುಕೊಂಡವರನ್ನು ನಾವು ನೋಡಿದ್ದೇವೆ.

ಬೆಳಗ್ಗೆ ಅಂಗಡಿ ತೆರೆಯುವಾಗಲೇ ಅಣ್ಣನ ಫೋನು. "ನಿಮ್ಮ ಚಾಚಾನಿಗೆ ಹೇಳು. ಇವತ್ತು ಅವನ ಬೇಲಿಗೆ ಬೆಂಕಿ ಬೀಳ್ತೈತೆ." ಅಲ್ಲಿವರೆಗೆ 'ಅವರು' ಅನ್ನುತ್ತಿದ್ದವನು 'ಅವನ' ಅಂದದ್ದು ನನ್ನ ಕಿವಿಗೆ ಹೊಡೆಯಿತು.

ಗೋಡೆಯಾಚೆ ಹೋಗಿ ಹೇಳಿದೆ. ಚಾಚಾ ಅರ್ಧ ಬೆಸೆದ ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ರಾಡು ಕೆಳಗಿಟ್ಟು ಅವರು ಕೇಳಿದ ಮೊದಲ ಮಾತು, "ಅಕ್ಕ ಹೆಂಗವ್ರೆ?"

ನಮ್ಮನೆಯವರ ಲಗೇಜ್ ಆಟೋದಲ್ಲೇ ಹೊರಟೆವು. ತಳಕು ದಾಟುವಾಗ ನಾನೇ, "ಮೊದಲು ಹೊಲಕ್ಕೆ ಹೋಗೋಣ ಚಾಚಾ, ಬೆಂಕಿ ಹಚ್ಚಿಬಿಟ್ಟಾರು," ಅಂದೆ. ಅವರು ತಲೆ ಆಡಿಸಿದರು. "ಮೊದಲು ಆಸ್ಪತ್ರೆ."

ಮೊಳಕಾಲ್ಮುರಿನ ಆಸ್ಪತ್ರೆಯಲ್ಲಿ ಅತ್ತಿಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಚಾಚಾ ಮಂಚದ ಕಾಲ ಬಳಿ ನಿಂತರು. ಅವಳೇ ಗೋಡೆ ನೋಡುತ್ತ, "ಅದರ ಉಸಿರು ನನ್ನ ಮುಖಕ್ಕೆ ಬಡೀತು," ಅಂದಳು. ಮತ್ತೆ ಅದನ್ನೇ ಅಂದಳು. ಚಾಚಾ ಕೈಮುಗಿದು ಹೊರಗೆ ಬಂದರು.

ಹೊಲದಲ್ಲಿ ಜನ ಸೇರಿತ್ತು. ಅಣ್ಣನ ಕೈಯಲ್ಲಿ ಸೀಮೆಎಣ್ಣೆ ಕ್ಯಾನು. ನಾನು ಅವನಿಗೂ ಚಾಚಾಗೂ ನಡುವೆ ನಿಂತೆ. ಅತ್ತಿಗೆಯ ಹಣೆಯ ಹೊಲಿಗೆ ಕಣ್ಣ ಮುಂದಿತ್ತು. ಎದುರಿಗೆ ಹಣ್ಣು ತುಂಬಿ ಬಾಗಿದ ಬೇಲಿ.

"ನೀನು ಚಳ್ಳಕೆರೇಲಿ ಆರಾಮಾಗಿರ್ತೀಯ," ಅಣ್ಣ ಚಾಚಾಗೆ ಅಂದ. "ಇಲ್ಲಿ ಓಡಾಡೋರು ನಮ್ಮ ಹೆಣ್ಮಕ್ಕಳು. ನಿನ್ನ ಹಣ್ಣಿಗೆ ಕರಡಿ ಬಂತು. ಇಲ್ದಿದ್ರೆ ಅದು ಹಾದಿಗೆ ಯಾಕೆ ಬರ್ತಿತ್ತು?"

ಹಿಂದಿನಿಂದ ಯಾರೋ, "ಮಾತೇನು, ಹಚ್ರಲೇ," ಅಂದರು.

"ನೀವು ಹೇಳೋದು ಸರಿ," ಅಂದರು ಚಾಚಾ.

ಜಗಳಕ್ಕೆ ಸಿದ್ಧರಾಗಿ ಬಂದಿದ್ದವರಿಗೆ ಕಾಲ ಕೆಳಗಿನ ನೆಲ ಸರಿದ ಹಾಗಾಯಿತು. ಚಾಚಾ ಮುಂದುವರಿಸಿದರು. "ಹಾದೀಲಿ ಮನುಷ್ಯರು ಹೆದರಿಕೊಂಡು ನಡೀಬಾರದು. ನಾನು ಎಲ್ಲಾ ಯೋಚನೆ ಮಾಡಿದ್ದೆ, ಇದೊಂದು ಮಾಡಿರಲಿಲ್ಲ. ಆದ್ರೆ ಬೆಂಕಿ ಬೇಡ. ಗಾಳಿ ಐತೆ, ಕಿಡಿ ಹಾರಿದ್ರೆ ನಿಮ್ಮ ಹೊಲಕ್ಕೂ ಹೋಗ್ತದೆ, ಗುಡ್ಡಕ್ಕೂ ಹೋಗ್ತದೆ. ನಾನೇ ಕಡೀತೀನಿ. ಒಂದು ಮಚ್ಚು ಕೊಡ್ರಿ."

ಮಚ್ಚು ಕೊಟ್ಟವನು ನಮ್ಮಣ್ಣನೇ. ಚಾಚಾ ಅಂಗಿಯ ತೋಳು ಮಡಚಿ ಮೊದಲ ಗಿಡಕ್ಕೆ ಏಟು ಹಾಕಿದರು. ಕಡಿದಲ್ಲೆಲ್ಲ ಬಿಳಿ ಹಾಲು ಸುರಿಯಿತು. ತಾವೇ ಹಾಲಿನ ಪಾಕೀಟಿನಲ್ಲಿ ಎಬ್ಬಿಸಿದ, ಡಬ್ಬದಲ್ಲಿ ನೀರುಣಿಸಿದ ಗಿಡಗಳನ್ನು ಒಂದೊಂದಾಗಿ ಮೊಣಕಾಲೆತ್ತರಕ್ಕೆ ಇಳಿಸುತ್ತ ಹೋದರು. ಅಷ್ಟೆತ್ತರದ ಗಿಡದ ಹಿಂದೆ ಕರಡಿ ಅಡಗಲಾರದು, ಹಾದಿಯ ಆ ಕೊನೆಯಿಂದ ಈ ಕೊನೆವರೆಗೆ ನಡೆಯುವವರ ಕಣ್ಣಿಗೆ ಎಲ್ಲ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಸರಿದುಹೋದರು. ಅಣ್ಣ ಮಾತ್ರ ಕ್ಯಾನಿನ ಮೇಲೆ ಕೂತು ಸಂಜೆವರೆಗೂ ನೋಡುತ್ತಿದ್ದ. ಕಾವಲೋ, ಇನ್ನೇನೋ, ನನಗೆ ತಿಳಿಯಲಿಲ್ಲ.

ಶಾಪು ಮುಚ್ಚಿಕೊಂಡು ಚಾಚಾ ಆ ಕೆಲಸ ಮುಗಿಸಿದರು. ಮುಗಿಯಿತು ಅನ್ನುವ ದಿನ ನಾನೂ ಅಲ್ಲಿದ್ದೆ. ಅತ್ತಿಗೆ ಆಸ್ಪತ್ರೆಯಿಂದ ಬಂದಿದ್ದಳು. ಕೈಗೆ ಪಟ್ಟಿ, ಅದನ್ನು ಕೊರಳಿಗೆ ಕಟ್ಟಿಕೊಂಡು ನನ್ನ ಆಸರೆಯಲ್ಲಿ ಹಾದಿಯವರೆಗೆ ನಡೆದಳು. ಬೇಲಿಯೆಲ್ಲ ತಗ್ಗಾಗಿತ್ತು. ನಡುವೆ ಒಂದೇ ಒಂದು ಗಿಡ ಎತ್ತರಕ್ಕೆ ನಿಂತಿತ್ತು. ಅದರ ಮುಂದೆ ಚಾಚಾ ಮಚ್ಚು ಕೆಳಗಿಟ್ಟು ಕೂತಿದ್ದರು.

"ಅದ್ಯಾಕೆ ಒಂದು ಬಿಟ್ಟಿದ್ದೀರಿ?" ಅತ್ತಿಗೆ ಕೇಳಿದಳು.

ಚಾಚಾ ಎದ್ದು ನಿಂತರು. "ಪಿಕಳಾರದ ಗೂಡು ಐತಕ್ಕ. ಮರಿ ಅವೆ. ನೀವು ಹೂಂ ಅಂದ್ರೆ ಅವು ಹಾರೋವರೆಗೆ ಬಿಡ್ತೀನಿ. ಬೇಡ ಅಂದ್ರೆ ಈಗಲೇ ತೆಗೀತೀನಿ."

ಅತ್ತಿಗೆ ಹತ್ತಿರ ಹೋಗಲಿಲ್ಲ. ಬಹಳ ಹೊತ್ತು ದೂರದಿಂದಲೇ ನೋಡಿದಳು. ತಾಯಿಹಕ್ಕಿ ಹುಳು ಕಚ್ಚಿಕೊಂಡು ಬಂತು. ಗೂಡಿನಿಂದ ಕೆಂಪು ಬಾಯಿಗಳು ಎದ್ದವು. ಅವಳು ನನ್ನ ಕೈ ಬಿಡಿಸಿಕೊಂಡು ಹೋಗಿ ನೋಡಿದಳು. ಆಮೇಲೆ, "ಇರ್ಲಿ ಬಿಡ್ರಿ," ಅಂದಳು. ಅಷ್ಟೇ. ಆದರೆ ಬರುವಾಗ ಕಡಿದು ಹಾಕಿದ್ದ ಕೊಂಬೆಗಳ ರಾಶಿಯ ಬಳಿ ನಿಂತು, ಒಂದೇ ಕೈಯಲ್ಲಿ ಕಪ್ಪು ಹಣ್ಣುಗಳನ್ನು ಬಿಡಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು. ನಾನೂ ಬಗ್ಗಿದೆ.

ಆ ಮಳೆಗಾಲದಲ್ಲೇ ಚಾಚಾ ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಹಾದಿಯ ಕಡೆ ಅಲ್ಲ, ತಮ್ಮ ಭೂಮಿಯ ಆ ತುದಿಯಲ್ಲಿ, ಗುಡ್ಡದ ಬುಡಕ್ಕೆ ತಾಗಿಕೊಂಡು. ಕರಡಿಗೆ ಬೇಕಾದ್ದು ಗುಡ್ಡದ ಬಾಗಿಲಲ್ಲೇ ಸಿಕ್ಕಿದರೆ ಅದು ಹಾದಿಯವರೆಗೆ ಯಾಕೆ ಬರುತ್ತದೆ, ಅನ್ನುವುದು ಅವರ ಯೋಚನೆ. ಆ ವಯಸ್ಸಿನಲ್ಲಿ, ನಿಧಾನಕ್ಕೆ ಬೆಳೆಯುವ ಗಿಡವನ್ನು ಎರಡನೇ ಸಲ ಬೀಜದಿಂದ ಎಬ್ಬಿಸಲು ಕೂರುವವರನ್ನು ನಾನು ಬೇರೆ ಕಂಡಿಲ್ಲ. ಅತ್ತಿಗೆ ಉಪ್ಪಿನಕಾಯಿ ಹಾಕಿ ಉಳಿದ ಹಣ್ಣಿನ ಬೀಜವನ್ನು ತೊಳೆದು, ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಬಟ್ಟೆಯ ಗಂಟಿನಲ್ಲಿ ನನ್ನ ಕೈಲಿ ಕಳಿಸಿದಳು. ಕವಳೆ ಬೀಜ ಒಣಗಿದರೆ ಮೊಳೆಯುವುದು ಅಪರೂಪ. ಚಾಚಾ ಅದನ್ನು ಹೇಳಲಿಲ್ಲ, ಎಲ್ಲವನ್ನೂ ಬಿತ್ತಿದರು. ಎಲ್ಲೋ ಕೆಲವು ಎದ್ದವು. ಅವನ್ನು ಬೇರೆ ಸಾಲಿನಲ್ಲಿ ಇಟ್ಟು, ಯಾರು ಬಂದರೂ "ಇವು ಅಕ್ಕನ ಗಿಡ" ಅಂತ ತೋರಿಸುತ್ತಿದ್ದರು.

ಅಣ್ಣ ವರ್ಷಗಟ್ಟಲೆ ಅವರೊಡನೆ ಮಾತಾಡಲಿಲ್ಲ. ಒಮ್ಮೆ ಮಾತ್ರ, ಹಿಂಗಾರು ಮುಗಿಯುವ ಕಾಲಕ್ಕೆ, ತನ್ನ ಹೊಲದ ಬದುವಿನಲ್ಲಿ ನಿಂತು, ಯಾರಿಗೋ ಹೇಳುವವನಂತೆ ಗಾಳಿಗೆ ಹೇಳಿದ: "ಈ ಸಲ ತೊಗರಿ ಕಾಯಿ ಚೆನ್ನಾಗಿ ಕಚ್ಚೈತೆ. ಹೂವಿನ ಮೇಲೆ ನೊಣವೋ ನೊಣ." ಈಚೆ ಚಾಚಾ ಡಬ್ಬಕ್ಕೆ ನೀರು ಹಾಕುತ್ತಿದ್ದರು. ತಲೆ ಎತ್ತದೆ "ಹೌದಾ," ಅಂದರು.

ಗಿಡ ಮೇಲೇರುತ್ತಿದ್ದ ಹಾಗೆ ಅವರ ಕಣ್ಣು ಇಳಿಯುತ್ತಿತ್ತು. ಬೆಸುಗೆಯ ಬೆಳಕು ಕಣ್ಣಿನ ಹಿಂದಿನ ಪರದೆಯನ್ನೇ ತಿಂದಿದೆ, ಪೊರೆ ತೆಗೆದರೂ ಪ್ರಯೋಜನ ಇಲ್ಲ ಅಂದರು ಡಾಕ್ಟರು. ಶಾಪನ್ನು ಮಗನಿಗೆ ಬಿಟ್ಟರು. ಕರೆಂಟು ಇದ್ದರೂ ಇಲ್ಲದಿದ್ದರೂ ಈಗ ಅವರಿಗೆ ಬಿಡುವೇ. ನಾನು ತವರಿಗೆ ಹೋಗುವಾಗಲೆಲ್ಲ ಬಸ್ಸಿನಲ್ಲಿ ನನ್ನ ಜೊತೆ ಬರುತ್ತಿದ್ದರು. ಗಿಡಗಳನ್ನು ಮುಟ್ಟಿ ಗುರುತು ಹಿಡಿಯುತ್ತಿದ್ದರು. ಮುಳ್ಳು ಚುಚ್ಚಿದರೆ, "ಚುರುಕಾಗೈತೆ," ಅಂತ ಸಂತೋಷ ಪಡುತ್ತಿದ್ದರು.

ಗುಡ್ಡದ ಕಡೆಯ ಗಿಡಗಳು ಮೊದಲ ಸಲ ಮೈತುಂಬ ಹಣ್ಣು ಬಿಟ್ಟ ವರ್ಷ. ಸಂಜೆ, ಹೊತ್ತು ಇಳಿಯುವ ಮುಂಚೆ, ನಾವು ಮೂವರು ಅಣ್ಣನ ಹೊಲದ ಎತ್ತರದ ಬಂಡೆಯ ಮೇಲೆ ಕೂತಿದ್ದೆವು. ನಾನು, ಚಾಚಾ, ಅತ್ತಿಗೆ. ಅಲ್ಲಿಂದ ಚಾಚಾರ ಭೂಮಿಯೆಲ್ಲ ಕಾಣುತ್ತದೆ, ಆಚೆ ಕವಳೆಯ ಕಡುಹಸಿರು ಗೆರೆ, ಅದರ ಹಿಂದೆ ಗುಂಡುಕಲ್ಲುಗಳ ಗುಡ್ಡ. ಗಾಳಿ ಗುಡ್ಡದ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಅತ್ತಿಗೆ ಏನೋ ಹೇಳುತ್ತಿದ್ದವಳು ಥಟ್ಟನೆ ನಿಲ್ಲಿಸಿದಳು. ಅವಳ ಕೈ ಬಂದು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

ಗುಡ್ಡದಲ್ಲಿ ಒಂದು ಗುಂಡುಕಲ್ಲು ಚಲಿಸಿದ ಹಾಗೆ ಕಂಡಿತು. ಅದು ಕಲ್ಲಲ್ಲ. ಕರಡಿ. ಬಂಡೆಯಿಂದ ಬಂಡೆಗೆ, ಅವಸರವಿಲ್ಲದೆ, ಭುಜ ತೂಗುತ್ತ ಇಳಿಯಿತು. ಬೆನ್ನ ಮೇಲೆ ಏನೋ ಗಂಟು. ಇನ್ನಷ್ಟು ಹತ್ತಿರ ಬಂದ ಮೇಲೆ ಗೊತ್ತಾಯಿತು, ಎರಡು ಮರಿಗಳು ತಾಯಿಯ ಕೂದಲು ಹಿಡಿದು ಕವುಚಿ ಕೂತಿದ್ದವು.

"ಏನು? ಏನದು?" ಚಾಚಾ ಪಿಸುಗುಟ್ಟಿದರು. "ನನಗೆ ಕಪ್ಪಗೆ ಏನೋ ಅಲ್ಲಾಡ್ತದೆ ಅಷ್ಟೇ."

ಅತ್ತಿಗೆಯ ಉಸಿರು ನನಗೆ ಕೇಳುತ್ತಿತ್ತು. ಅವಳು ಎದ್ದು ಓಡುತ್ತಾಳೆ ಅಂದುಕೊಂಡೆ. ಓಡಲಿಲ್ಲ. ನನ್ನ ಕೈ ಬಿಟ್ಟು ಚಾಚಾರ ಪಕ್ಕಕ್ಕೆ ಸರಿದು, ಅವರ ಕಿವಿಯ ಹತ್ತಿರ ಬಾಗಿ, ಹೇಳತೊಡಗಿದಳು.

"ಎಲುಗು ಬಂದೈತೆ, ಭಾಯಿ. ತಾಯಿ. ಬೆನ್ನಮ್ಯಾಲೆ ಎರಡು ಮರಿ ಕುಂತವೆ. ಈಗ ಗಿಡದ ಹತ್ರ ನಿಂತೈತೆ... ಮೂಗು ಮ್ಯಾಕೆತ್ತಿ ವಾಸನೆ ನೋಡ್ತೈತೆ. ಹಾಂ, ಮರಿ ಇಳಿದ್ವು. ಒಂದು ಬಿತ್ತು, ಮತ್ತೆ ಎದ್ದಿತು. ತಾಯಿ ಕೊಂಬೆ ಬಗ್ಗಿಸ್ತೈತೆ, ಕೈಯಾಗೆ, ನಮ್ಮಂಗೇ... ತುಟಿಯಾಗೆ ಹಣ್ಣು ಬಿಡಿಸ್ತೈತೆ. ಮರಿಗೆ ಮುಳ್ಳು ಚುಚ್ಚಿತು ಕಾಣ್ತದೆ, ಕುಯ್ ಅಂತು. ಕೇಳ್ತಾ?"

"ಕೇಳ್ತು," ಅಂದರು ಚಾಚಾ.

"ತಿಂತಾ ಅವೆ. ನಿಮ್ಮ ಗಿಡದ್ದೂ ತಿಂತು, ನಂದೂ ತಿಂತು."

ಮುರಿದು ಕೂಡಿದ ಅವಳ ಕೈ ತೊಡೆಯ ಮೇಲೆ ಮುಷ್ಟಿ ಕಟ್ಟಿತ್ತು. ಚಾಚಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಬೆಳಕು ಕೆಂಪಾಗಿ, ಕಂದಾಗಿ, ಬೂದಿಯಾಗುವವರೆಗೆ ಆ ತಾಯಿ ಸಾಲಿನುದ್ದಕ್ಕೂ ತಿನ್ನುತ್ತ ನಡೆಯಿತು. ಹಾದಿಯ ಕಡೆ ಒಮ್ಮೆ ತಲೆ ಎತ್ತಿ ನೋಡಿತು. ನಾವು ಮೂವರೂ ಕಲ್ಲಾದೆವು. ಆಮೇಲೆ ತಿರುಗಿ ಬೆನ್ನು ತಗ್ಗಿಸಿತು, ಮರಿಗಳು ಹತ್ತಿದವು, ಬಂದ ಹಾದಿಯಲ್ಲೇ ಗುಡ್ಡ ಏರಿ ಕತ್ತಲೊಳಗೆ ಕರಗಿತು.

ಯಾರೂ ಏಳಲಿಲ್ಲ. ನಾನು ಇಷ್ಟು ವರ್ಷ ಬದುಕಿದ ಸೀಮೆಯೇ ಅದು, ಅವತ್ತು ಮಾತ್ರ ಅದರೊಳಗೆ ನನ್ನನ್ನು ಯಾರೋ ಕೈಹಿಡಿದು ಕರೆದುಕೊಂಡ ಹಾಗಾಗಿತ್ತು. ನಾನು ಚಾಚಾಗೆ ಋಣಿಯಾಗಿರುವುದು ಆ ಸಂಜೆಗೆ. ಅದಕ್ಕಿಂತ ಹೆಚ್ಚಾಗಿ, ಸೀಮೆಎಣ್ಣೆ ಕ್ಯಾನಿನ ಮುಂದೆ ನಿಂತು "ನೀವು ಹೇಳೋದು ಸರಿ" ಅಂದ ಆ ದಿನಕ್ಕೆ. ಅವತ್ತು ಅವರು ಜಗಳ ಗೆಲ್ಲಲು ಹೋಗಿದ್ದರೆ ಬೇಲಿಯೂ ಸುಡುತ್ತಿತ್ತು, ನನ್ನ ತವರೂ ಸುಡುತ್ತಿತ್ತು.

ಚಾಚಾ ಹೋದದ್ದು ಒಂದು ಚಳಿಗಾಲದ ಬೆಳಗ್ಗೆ, ಮನೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ಮಣ್ಣಿಗೆ ನಮ್ಮಣ್ಣ ಬಂದ. ಚಳ್ಳಕೆರೆಯ ಅವರ ಓಣಿಗೆ ಅವನು ಎಂದೂ ಕಾಲಿಟ್ಟವನಲ್ಲ. ತಲೆಗೆ ಟವಲು ಕಟ್ಟಿಕೊಂಡು, ಜನಾಜಾಕ್ಕೆ ಹೆಗಲು ಕೊಟ್ಟು, ಖಬರಸ್ಥಾನದವರೆಗೂ ನಡೆದ. ಎಲ್ಲರ ಜೊತೆ ತಾನೂ ಮಣ್ಣು ಹಾಕಿದ. ವಾಪಸು ಬಂದು ನನ್ನ ಅಂಗಡಿಯಲ್ಲಿ ನೀರು ಕುಡಿದು, "ಗುಡ್ಡದ ಕಡೆ ಗಿಡಕ್ಕೆ ಈ ಬೇಸಿಗೇಲಿ ನೀರು ಬೇಕಾಗ್ತದಾ?" ಅಂತ ಕೇಳಿದ. ಬೇಕಾಗಲ್ಲ, ಬೇರು ಇಳಿದಾಗಿದೆ ಅಂದೆ. "ಆದ್ರೂ ಹಾಕ್ತೀನಿ ಬಿಡು," ಅಂದ.

ಚಾಚಾರ ಹೆಂಡತಿ ಚಾಚಿ, ಗಂಡ ತೀರಿದ ಮೇಲೆ ಹೆಂಗಸರು ಹೊರಗೆ ಬಾರದ ಇದ್ದತ್ತಿನ ದಿನಗಳನ್ನು ಮನೆಯೊಳಗೆ ಕಳೆದರು. ಆ ಅವಧಿ ಮುಗಿದ ಮೇಲೆ ಹೊರಗೆ ಬಂದ ಮೊದಲ ದಿನ ನನ್ನ ಅಂಗಡಿಗೆ ಬಂದು, "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?" ಅಂದರು. ಇಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ಆ ಭೂಮಿ ನೋಡಿರಲಿಲ್ಲ. ಮಕ್ಕಳು, ಅಡುಗೆ, ಅತ್ತೆಯ ಕಾಯಿಲೆ, ಆಮೇಲೆ ತಮ್ಮದೇ ಮಂಡಿನೋವು.

ಕವಳೆ ಹೂ ಬಿಟ್ಟ ಕಾಲ. ಆಟೋ ನಿಲ್ಲುವ ಮುಂಚೆಯೇ ಪರಿಮಳ ಒಳಗೆ ಬಂತು. ಚಾಚಿಯನ್ನು ಕೈಹಿಡಿದು ಗುಡ್ಡದ ಕಡೆಯ ಸಾಲಿನವರೆಗೆ ನಡೆಸಿಕೊಂಡು ಹೋದೆ. ಬಿಸಿಲು ಇನ್ನೂ ಮೃದುವಾಗಿತ್ತು. ಹೂವಿನ ಮೇಲೆಲ್ಲ ರೆಕ್ಕೆ. ನೊಣದ ಝೇಂಕಾರ ನೆಲದಿಂದಲೇ ಏಳುತ್ತಿದೆಯೇನೋ ಅನ್ನಿಸುವಷ್ಟು ತುಂಬಿತ್ತು. ಹಕ್ಕಿಗಳು ಒಳಗೆ ನುಗ್ಗಿ ಹೊರಗೆ ಬರುತ್ತಿದ್ದವು. ಚಾಚಿ ಊರುಗೋಲಿಗೆ ಎರಡೂ ಕೈ ಕೊಟ್ಟು ನಿಂತು, ಆ ತುದಿಯಿಂದ ಈ ತುದಿವರೆಗೆ ನೋಡಿದರು.

"ಇಷ್ಟು ದೊಡ್ಡ ಸಂಸಾರ ಇಟ್ಕೊಂಡು," ಅಂದರು, "ಮನೆಗೆ ಬಂದ್ರೆ ಒಂದು ಮಾತೂ ಆಡ್ತಿರಲಿಲ್ಲವಲ್ಲಮ್ಮ."

ಗಿಡಗಳ ನಡುವೆ ಒಬ್ಬರು ನುಸುಳುವಷ್ಟು ಸಂದು ಇತ್ತು. ಚಾಚಿ ಅದರ ಮುಂದೆ ಚಪ್ಪಲಿ ಬಿಟ್ಟರು. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು. ನಂಟರ ಮನೆಯ ಹೊಸಿಲಲ್ಲಿ ನಿಂತವರ ಹಾಗೆ, ಸಣ್ಣ ದನಿಯಲ್ಲಿ "ಅಸ್ಸಲಾಮು ಅಲೈಕುಮ್" ಅಂದು, ಒಳಗೆ ಹೆಜ್ಜೆಯಿಟ್ಟರು.